ಬೆಳೆ ವಿಮೆ ಮತ್ತು ಮೊಬೈಲ್ ಛಾಯಾಚಿತ್ರ: ಯಾವುದು ಸಾಕ್ಷಿ, ಯಾವುದು ಅಲ್ಲ



ಕೇಂದ್ರ ಕೃಷಿ ಸಚಿವಾಲಯವು 2025ರ ನವೆಂಬರ್ ತಿಂಗಳಲ್ಲಿ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಎರಡು ಬದಲಾವಣೆಗಳನ್ನು ಪ್ರಕಟಿಸಿತು. 2026ರ ಮುಂಗಾರು ಹಂಗಾಮಿನಿಂದ ಕಾಡುಪ್ರಾಣಿಗಳ ದಾಳಿಯಿಂದಾಗುವ ನಷ್ಟವನ್ನು ಸ್ಥಳ ನಿರ್ದಿಷ್ಟ ವಿಕೋಪಗಳ ಸಾಲಿಗೆ ಹೆಚ್ಚುವರಿ ರಕ್ಷಣೆಯಾಗಿ ಸೇರಿಸುವುದು ಮೊದಲನೆಯದು. 2018ರಲ್ಲಿ ಕೈಬಿಡಲಾಗಿದ್ದ ಭತ್ತದ ಮುಳುಗಡೆ ನಷ್ಟವನ್ನು ಅದೇ ಸಾಲಿಗೆ ಮರಳಿ ತರುವುದು ಎರಡನೆಯದು. ಈ ಎರಡೂ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಮಲೆನಾಡಿನಲ್ಲಿಯೂ ಭತ್ತದ ಸೀಮೆಗಳಲ್ಲಿಯೂ ಸಹಜವಾಗಿಯೇ ಸ್ವಾಗತ ಪಡೆದವು. ಆದರೆ ಅದೇ ಪ್ರಕಟಣೆಯಲ್ಲಿದ್ದ ಇನ್ನೊಂದು ಮಾತು ಅಷ್ಟಾಗಿ ಚರ್ಚೆಗೆ ಬಂದಂತಿಲ್ಲ. ಕಾಡುಪ್ರಾಣಿಗಳಿಂದ ನಷ್ಟವಾದಾಗ ರೈತರು 72 ಗಂಟೆಗಳ ಒಳಗೆ, ಬೆಳೆ ವಿಮೆಯ ಆ್ಯಪ್ ಮೂಲಕ, ಸ್ಥಳದ ಗುರುತು ಸಹಿತವಾದ ಛಾಯಾಚಿತ್ರಗಳನ್ನು ಸೇರಿಸಿ ವರದಿ ಮಾಡಬೇಕು ಎಂಬುದೇ ಆ ಮಾತು.

ಈವರೆಗಿನ ಮಾರ್ಗಸೂಚಿಯಲ್ಲಿ ರೈತರು ತೆಗೆದ ಚಿತ್ರವು ಇದ್ದರೆ ಕೊಡಬಹುದಾದ ದಾಖಲೆಗಳ ಪಟ್ಟಿಯಲ್ಲಿತ್ತು. ಈಗ ಕನಿಷ್ಠ ಒಂದು ಬಗೆಯ ನಷ್ಟಕ್ಕಾದರೂ ಅದು ಕೊಡಲೇಬೇಕಾದ ದಾಖಲೆಯಾಗಿದೆ. ನಿಮ್ಮ ಜೇಬಿನಲ್ಲಿರುವ ಮೊಬೈಲ್ ಕ್ಯಾಮೆರಾ ಪಹಣಿಯ ಪಕ್ಕಕ್ಕೆ ಬಂದು ಕುಳಿತಿದೆ ಎಂದರೆ ಅತಿಶಯೋಕ್ತಿಯಾಗದು. ಈ ಬದಲಾವಣೆಯನ್ನು ನಾನು ವಿರೋಧಿಸುವುದಿಲ್ಲ. ಆದರೆ ಚಿತ್ರವು ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬ ತಿಳಿವಳಿಕೆಯಿಲ್ಲದೆ ಕ್ಲಿಕ್ಕಿಸಿದ ನೂರು ಚಿತ್ರಗಳು ನಿರಾಶೆಗಷ್ಟೇ ದಾರಿಯಾಗುತ್ತವೆ. ಅಂತಹ ನಿರಾಶೆಯನ್ನು ನಾನು ಹಲವು ಹಳ್ಳಿಗಳಲ್ಲಿ ಕಂಡಿದ್ದೇನೆ.

2025ರ ಸೆಪ್ಟೆಂಬರಿನ ಮಳೆ ಹಾಗೂ ಭೀಮಾ ನದಿಯ ಪ್ರವಾಹದ ತರುವಾಯ ಕಲಬುರಗಿ ಸೀಮೆಯ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿನ ರೈತರೊಬ್ಬರು ತೊಗರಿಯಲ್ಲಿ ಹೆಸರನ್ನು ಅಂತರ ಬೆಳೆಯಾಗಿ ಬಿತ್ತಿದ್ದರು. ವಿಮೆಯನ್ನು ತೊಗರಿಗೆ ಮಾಡಿಸಿದ್ದರು. ಹೆಸರಿನ ಕಟಾವು ಆಗಸ್ಟಿನಲ್ಲೇ ಮುಗಿದಿತ್ತು. ತೊಗರಿ ನೀರಿನಲ್ಲಿ ನಿಂತು ಬುಡದಿಂದ ತುದಿಯವರೆಗೆ ಒಣಗಿ ಕಪ್ಪಾಗಿತ್ತು. ತೊಡಕು ಬಂದದ್ದು ಬೇರೆ ಕಡೆಯಿಂದ. ಬೆಳೆ ಸಮೀಕ್ಷೆಯಲ್ಲಿ ಅವರ ಹೊಲದ ಮುಂದೆ ಹೆಸರು ಎಂದಷ್ಟೇ ದಾಖಲಾಗಿತ್ತು. ತೊಗರಿ ಇದ್ದುದಕ್ಕೆ ಏನಾದರೂ ಚಿತ್ರವಿದೆಯೇ ಎಂದು ಕೇಳಿದೆ. ಅವರ ಫೋನಿನಲ್ಲಿ ಒಣಗಿದ ತೊಗರಿಯ ಚಿತ್ರಗಳು ಮೂವತ್ತಕ್ಕಿಂತ ಹೆಚ್ಚಿದ್ದವು; ಬೆಳೆ ಹಸಿರಾಗಿದ್ದಾಗಿನದು ಒಂದೂ ಇರಲಿಲ್ಲ. "ಚಲೋ ಇದ್ದಾಗ ಯಾಕ ತೆಗೀಬೇಕ್ರೀ ಸಾಹೇಬ್ರ?" ಎಂದರು. ಆಮೇಲೆ ನೆನಪಾಗಿ, ನಾಗರ ಪಂಚಮಿಯಂದು ಹೊಲದ ಬದುವಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಮಗಳನ್ನು ಆಡಿಸಿದ ಚಿತ್ರವನ್ನು ತೋರಿಸಿದರು. ಮಗುವಿನ ಹಿಂದೆ ಹೆಸರಿನ ಸಾಲುಗಳ ನಡುವೆ ಮೊಣಕಾಲೆತ್ತರದ ತೊಗರಿ ಸಾಲುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ದಿನಾಂಕವೂ ಫೋನಿನಲ್ಲಿತ್ತು. ಆ ಚಿತ್ರದಿಂದ ಅವರಿಗೆ ಪರಿಹಾರ ದೊರೆಯಿತೆಂದು ಹೇಳಲಾರೆ. ನಾನು ಹೊರಡುವಾಗ ಅರ್ಜಿ ಇನ್ನೂ ವಿಚಾರಣೆಯಲ್ಲಿತ್ತು. ಆದರೆ ಅದುವರೆಗೆ ಬರಿಯ ಮಾತಾಗಿದ್ದ ಅವರ ಆಕ್ಷೇಪಣೆಗೆ ಒಂದು ಆಧಾರ ಸಿಕ್ಕಿತ್ತು.

ಇಲ್ಲಿ ಮೊದಲು ತಿಳಿಯಬೇಕಾದುದು ಫಸಲ್ ಬಿಮಾ ಯೋಜನೆಯ ರಚನೆ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಈ ಯೋಜನೆ ಮೂಲತಃ ಪ್ರದೇಶ ಆಧಾರಿತ. ನಮ್ಮ ರಾಜ್ಯದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ ವಿಮಾ ಘಟಕವಾಗಿರುತ್ತದೆ. ಘಟಕದಲ್ಲಿ ಆಯ್ದ ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗಗಳನ್ನು ನಡೆಸಿ ಆ ವರ್ಷದ ಸರಾಸರಿ ಇಳುವರಿಯನ್ನು ಕಂಡುಕೊಳ್ಳುತ್ತಾರೆ. ಗ್ರಾಮ ಪಂಚಾಯಿತಿಗೆ ನಾಲ್ಕು, ಹೋಬಳಿಗೆ ಹತ್ತು ಪ್ರಯೋಗಗಳು. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯನ್ನು ಆಧರಿಸಿ ನಿಗದಿಪಡಿಸಿದ ಪ್ರಾರಂಭಿಕ ಇಳುವರಿಯೊಡನೆ ಅದನ್ನು ಹೋಲಿಸುತ್ತಾರೆ. ಉದಾಹರಣೆಗೆ, ಪ್ರಾರಂಭಿಕ ಇಳುವರಿ 8 ಕ್ವಿಂಟಲ್ ಇದ್ದು ಪ್ರಯೋಗಗಳ ಸರಾಸರಿ 6 ಕ್ವಿಂಟಲ್ ಬಂದರೆ ಕೊರತೆ ನಾಲ್ಕನೇ ಒಂದು ಭಾಗ. ಆ ಘಟಕದಲ್ಲಿ ಆ ಬೆಳೆಗೆ ವಿಮೆ ಮಾಡಿಸಿದ ಎಲ್ಲರಿಗೂ ವಿಮಾ ಮೊತ್ತದ ನಾಲ್ಕನೇ ಒಂದು ಭಾಗ. ನಿಮ್ಮ ಹೊಲ ಪೂರ್ತಿ ಹೋಗಿದ್ದರೂ ಅಷ್ಟೇ, ನೆರೆಯವರ ಹೊಲ ತುಂಬಿ ನಿಂತಿದ್ದರೂ ಅಷ್ಟೇ. ಈ ಲೆಕ್ಕದಲ್ಲಿ ನೀವು ತೆಗೆದ ಚಿತ್ರಕ್ಕೆ ಯಾವ ಸ್ಥಾನವೂ ಇಲ್ಲ. ಬರದಿಂದ, ವ್ಯಾಪಕ ಕೀಟಬಾಧೆಯಿಂದ, ಹಂಗಾಮಿನುದ್ದದ ಮಳೆ ಕೊರತೆಯಿಂದ ಬೆಳೆ ಹೋದಾಗ ಜಿಲ್ಲಾ ಕಚೇರಿಗೆ ಚಿತ್ರಗಳ ಕಟ್ಟನ್ನು ಹೊತ್ತು ತಿರುಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಲಿ ನೋಡಬೇಕಾದುದು ನಿಮ್ಮ ಪಂಚಾಯಿತಿಯಲ್ಲಿ ಕಟಾವು ಪ್ರಯೋಗ ಯಾವ ಸರ್ವೆ ನಂಬರಿನಲ್ಲಿ ನಡೆಯುತ್ತದೆ, ಸರಿಯಾಗಿ ನಡೆಯುತ್ತದೆಯೇ ಎಂಬುದನ್ನು. ಆ ದಿನ ಹೊಲದಲ್ಲಿ ಹಾಜರಿರುವುದು ನಿಮ್ಮ ಕೈಲಾಗುವ ಕೆಲಸ.

ಅಡಿಕೆ, ಕಾಳುಮೆಣಸು, ದಾಳಿಂಬೆ, ದ್ರಾಕ್ಷಿ, ಮಾವು ಬೆಳೆಗಾರರಿಗೂ ಇದೇ ಎಚ್ಚರಿಕೆ. ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರವನ್ನು ನಿರ್ಧರಿಸುವುದು ಮಳೆಮಾಪಕ ಹಾಗೂ ಹವಾಮಾನ ಕೇಂದ್ರದ ಅಂಕಿಗಳು. ಕೊಳೆರೋಗದಿಂದ ಉದುರಿದ ಅಡಿಕೆಯ ರಾಶಿ ಎಷ್ಟೇ ಮನಕಲಕುವಂತಿದ್ದರೂ ಆ ಚಿತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅವಕಾಶ ಅಲ್ಲಿಲ್ಲ.

ಹಾಗಾದರೆ ಚಿತ್ರಕ್ಕೆ ಬೆಲೆಯಿರುವುದು ಎಲ್ಲಿ? ಪ್ರತ್ಯೇಕ ಹೊಲದ ಮಟ್ಟದಲ್ಲಿ ನಷ್ಟವನ್ನು ಅಳೆಯುವ ಎರಡು ಸಂದರ್ಭಗಳಲ್ಲಿ. ಆಲಿಕಲ್ಲು, ಭೂಕುಸಿತ, ಮುಳುಗಡೆ, ಮೇಘಸ್ಫೋಟ, ಸಿಡಿಲಿನಿಂದ ಹೊತ್ತಿದ ಬೆಂಕಿ ಇವು ಸ್ಥಳ ನಿರ್ದಿಷ್ಟ ವಿಕೋಪಗಳು. ಈಗ ಕಾಡುಪ್ರಾಣಿಯೂ ಇವುಗಳ ಜೊತೆಗೆ ಸೇರುತ್ತಿದೆ. ಕಟಾವಿನ ನಂತರ ಹೊಲದಲ್ಲೇ ಒಣಗಲು ಹರಡಿದ ಬೆಳೆಗೆ 14 ದಿನಗಳ ಒಳಗೆ ಚಂಡಮಾರುತದ ಮಳೆ, ಅಕಾಲಿಕ ಮಳೆ ಅಥವಾ ಆಲಿಕಲ್ಲಿನಿಂದ ಆಗುವ ನಷ್ಟ ಇನ್ನೊಂದು ಸಂದರ್ಭ. ಎರಡರಲ್ಲಿಯೂ 72 ಗಂಟೆಗಳ ಒಳಗೆ ತಿಳಿಸಬೇಕು. ತಿಳಿಸಿದ 48 ಗಂಟೆಗಳಲ್ಲಿ ನಷ್ಟ ನಿರ್ಧಾರಕರ ನೇಮಕ, ಮುಂದಿನ 10 ದಿನಗಳಲ್ಲಿ ಪರಿಶೀಲನೆ ಎಂದು ಮಾರ್ಗಸೂಚಿ ಹೇಳುತ್ತದೆ. ಈ ಅಂತರವನ್ನು ಗಮನಿಸಿ. ಅವರು ಬರುವ ವೇಳೆಗೆ ನೀರು ಇಳಿದಿರುತ್ತದೆ, ಆಲಿಕಲ್ಲು ಕರಗಿರುತ್ತದೆ, ನೀವು ಉಳಿದ ಬೆಳೆಯನ್ನಾದರೂ ಉಳಿಸಿಕೊಳ್ಳಲು ಬಸಿಗಾಲುವೆ ತೋಡಿರುತ್ತೀರಿ. ಆ ಹತ್ತು ಹನ್ನೆರಡು ದಿನಗಳಲ್ಲಿ ಅಳಿಸಿಹೋಗುವುದನ್ನು ಉಳಿಸಿಡುವುದೇ ಚಿತ್ರದ ನಿಜವಾದ ಕೆಲಸ.

ಬೆಳೆ ವಿಜ್ಞಾನಿಯಾಗಿ ನನ್ನ ಚಿಂತೆ ಆರಂಭವಾಗುವುದು ಇಲ್ಲಿಯೇ. ಬೆಳೆಯ ನೋವು ಕ್ಯಾಮೆರಾಕ್ಕೆ ಕಾಣುವ ಸಮಯ ಬೇರೆ, 72 ಗಂಟೆಯ ಗಡುವು ಬೇರೆ. ಭತ್ತವನ್ನೇ ತೆಗೆದುಕೊಳ್ಳಿ. ಹೂಬಿಡುವ ಹಂತದಲ್ಲಿ ಎರಡು ಮೂರು ದಿನ ಮುಳುಗಿದ ಗದ್ದೆಯಲ್ಲಿ ನೀರಿಳಿದ ಮರುದಿನ ಎಲೆಗಳು ಹಸಿರಾಗಿಯೇ ಇರುತ್ತವೆ. ಪರಾಗಸ್ಪರ್ಶ ಕೆಟ್ಟಿರುತ್ತದೆ, ತೆನೆ ಜೊಳ್ಳಾಗಿದೆಯೆಂದು ತಿಳಿಯುವುದು ಹತ್ತು ಹದಿನೈದು ದಿನಗಳ ಮೇಲೆ, ಬಾಗಬೇಕಾದ ತೆನೆ ನೆಟ್ಟಗೆ ಬಿಳಿಚಿಕೊಂಡು ನಿಂತಾಗ. ಮೊದಲ ದಿನದ ಚಿತ್ರ ನೋಡಿದವರು ಬೆಳೆ ಚೆನ್ನಾಗಿದೆ ಎನ್ನುತ್ತಾರೆ. ತೊಗರಿಯೂ ಹೀಗೆಯೇ. ನಿಂತ ನೀರಿನಲ್ಲಿ ಬೇರಿಗೆ ಉಸಿರಾಟವಿಲ್ಲದಂತಾಗಿ, ಎಲೆ ಹಳದಿಯಾಗಿ ಜೋಲುವುದಕ್ಕೆ ಕೆಲವು ದಿನಗಳು ಬೇಕು.

ಮೆಕ್ಕೆಜೋಳದಲ್ಲಿ ಇದು ತಿರುಗುಮುರುಗು. ಸೂಲಂಗಿ ಬರುವ ಮೊದಲು ಬಿರುಗಾಳಿಗೆ ನೆಲಕಚ್ಚಿದ ಬೆಳೆ ಮೊದಲ ದಿನ ಸರ್ವನಾಶವಾದಂತೆ ಕಾಣುತ್ತದೆ. ಬೇರು ಕಿತ್ತಿಲ್ಲದಿದ್ದರೆ ಎರಡು ಮೂರು ದಿನಗಳಲ್ಲಿ ದಂಟು ಬಾತುಕೋಳಿಯ ಕತ್ತಿನಂತೆ ಬಾಗಿ ತುದಿ ಮೇಲೇಳುತ್ತದೆ. ಪರಿಶೀಲನೆಗೆ ಬಂದವರಿಗೆ ನಿಂತ ಬೆಳೆ ಕಾಣುತ್ತದೆ, ಕೈಯಲ್ಲಿ ಮಲಗಿದ ಬೆಳೆಯ ಚಿತ್ರವಿರುತ್ತದೆ. ರೈತ ಸುಳ್ಳು ಹೇಳಿದನೇ ಎಂಬ ಅನುಮಾನ ಹುಟ್ಟುತ್ತದೆ. ಇಬ್ಬರೂ ಸುಳ್ಳಾಡಿಲ್ಲ. ಇಳುವರಿ ತಗ್ಗಿರುವುದೂ ನಿಜ, ಪೂರ್ತಿ ಹೋಗಿಲ್ಲವೆಂಬುದೂ ನಿಜ.

ಆದ್ದರಿಂದ ನನ್ನ ಸಲಹೆಯೆಂದರೆ, ನಷ್ಟದ ಸೂಚನೆಯನ್ನು 72 ಗಂಟೆಗಳ ಒಳಗೆ ಕೊಟ್ಟುಬಿಡಿ. ಚಿತ್ರ ತೆಗೆಯುವುದನ್ನು ಮಾತ್ರ ಅಲ್ಲಿಗೇ ನಿಲ್ಲಿಸಬೇಡಿ. ಅದೇ ಜಾಗದಲ್ಲಿ ನಿಂತು ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ ತೆಗೆದ ಚಿತ್ರಗಳನ್ನು ಪರಿಶೀಲನೆಯ ದಿನ ತೋರಿಸಿ, ವರದಿಯಲ್ಲಿ ನಮೂದಿಸುವಂತೆ ಕೋರಿ. ವಿಸ್ತರಣಾ ಕಾರ್ಯಕರ್ತರು ಜಂಟಿ ಪರಿಶೀಲನೆಗೆ ಹೋದಾಗ ಬೆಳೆಯ ಹಂತವನ್ನು ಬರೆಯಬೇಕು. ಹೂಬಿಡುವ ಹಂತದಲ್ಲಿ ಮುಳುಗಿತ್ತು ಎಂಬ ಒಂದು ಸಾಲು ಹತ್ತು ಚಿತ್ರಗಳಿಗಿಂತ ಹೆಚ್ಚು ಹೇಳುತ್ತದೆ.

ಹೆಸರು ಬೆಳೆಗಾರರಿಗೆ ಒಂದು ಕಟು ಸತ್ಯವನ್ನು ಹೇಳಲೇಬೇಕು. ಕಟಾವಿಗೆ ಬಂದ ಹೆಸರು ಸತತ ಮಳೆಗೆ ಸಿಕ್ಕಿ ಗಿಡದ ಮೇಲೆಯೇ ಕಾಯಿಯೊಳಗೆ ಮೊಳಕೆಯೊಡೆದರೆ ಅದು ಕಟಾವಿನ ನಂತರದ ನಷ್ಟವಲ್ಲ, ಏಕೆಂದರೆ ಕಟಾವು ಆಗಿಲ್ಲ. ಹೊಲದಲ್ಲಿ ನೀರು ನಿಂತು ಮುಳುಗಡೆಯಾಗಿದ್ದರೆ ಮಾತು ಬೇರೆ. ಇಲ್ಲವಾದರೆ ಪ್ರದೇಶ ಆಧಾರಿತ ಇಳುವರಿಯೇ ಗತಿ. ಮೊಳಕೆಯೊಡೆದ ಕಾಯಿಯನ್ನು ಅಂಗೈಯಲ್ಲಿ ಹಿಡಿದ ಚಿತ್ರ ಪ್ರತಿ ಆಗಸ್ಟಿನಲ್ಲಿ ನನ್ನ ಫೋನಿಗೆ ಬರುತ್ತದೆ. ಉತ್ತರ ಬರೆಯುವುದು ಪ್ರತಿ ಬಾರಿಯೂ ಕಷ್ಟವೇ.

ಇನ್ನು ಚಿತ್ರ ತೆಗೆಯುವ ರೀತಿ. ಸಾಮಾನ್ಯವಾಗಿ ನನಗೆ ಬರುವ ಚಿತ್ರಗಳಲ್ಲಿ ಒಂದು ಎಲೆ, ಒಂದು ತೆನೆ ಅಥವಾ ಒಂದು ಕಾಯಿ ಇರುತ್ತದೆ. ರೋಗ ಗುರುತಿಸಲು ಅದು ಸರಿ. ವಿಮೆಗೆ ಅದು ಯಾರ ಹೊಲದ್ದೂ ಆಗಬಹುದು. ವಿಮೆಗೆ ಬೇಕಾದ ಚಿತ್ರದಲ್ಲಿ ಬೆಳೆಯೂ ಇರಬೇಕು, ಅದು ನಿಮ್ಮದೇ ಹೊಲವೆಂದು ತೋರಿಸುವ ಬದಲಾಗದ ಗುರುತೂ ಇರಬೇಕು: ಬಾವಿ, ಮರ, ವಿದ್ಯುತ್ ಕಂಬ, ದೂರದ ಗುಡ್ಡ ಅಥವಾ ಗುಡಿಯ ಗೋಪುರ. ಮೊದಲು ಹೊಲವಿಡೀ ಕಾಣುವ ಚಿತ್ರ, ಅನಂತರ ಸೊಂಟದೆತ್ತರದಿಂದ ಸಾಲುಗಳ ಚಿತ್ರ, ಕೊನೆಗೆ ಗಿಡದ್ದು. ಬದುವಿನ ಮೇಲೆ ನಿಂತು ತೆಗೆಯಬೇಡಿ. ಬಯಲಿನಲ್ಲಿಯೂ ಮೊಬೈಲಿನ ಸ್ಥಳ ಸೂಚನೆ ಸುಮಾರು 5 ಮೀಟರ್ ಅತ್ತಿತ್ತ ಆಗುತ್ತದೆ, ಮರದಡಿಯಲ್ಲಿ ಇನ್ನೂ ಹೆಚ್ಚು. ಒಂದು ಗುಂಟೆಯೆಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲದಷ್ಟೇ ಜಾಗ. ಬದುವಿನ ಮೇಲಿನ ಚಿತ್ರ ನಕ್ಷೆಯಲ್ಲಿ ನೆರೆಯವರ ಹಿಸ್ಸಾದೊಳಗೆ ಬಿದ್ದರೆ ಆಶ್ಚರ್ಯವಿಲ್ಲ. ಇಪ್ಪತ್ತು ಹೆಜ್ಜೆ ಒಳಗೆ ಹೋಗಿ, ಫೋನಿನಲ್ಲಿ ಲೊಕೇಶನ್ ಚಾಲೂ ಇದೆಯೇ ನೋಡಿ, ಅರ್ಧ ನಿಮಿಷ ಕಾಯ್ದು ತೆಗೆಯಿರಿ. ವಾಟ್ಸಾಪಿನಲ್ಲಿ ಮಾಮೂಲಿ ಚಿತ್ರವಾಗಿ ಕಳಿಸಿದರೆ ಚಿತ್ರದೊಳಗೆ ಅಡಗಿರುವ ಸ್ಥಳ ಮತ್ತು ಸಮಯದ ಮಾಹಿತಿ ಉದುರಿಹೋಗುತ್ತದೆ. ಮೂಲ ಚಿತ್ರವನ್ನು ಫೋನಿನಲ್ಲಿಯೇ ಉಳಿಸಿಕೊಳ್ಳಿ. ಅಧಿಕೃತ ವರದಿಗೆ ವಿಮೆಯ ಆ್ಯಪನ್ನೇ ಬಳಸಿ. ಕಟಾವಿನ ನಂತರದ ನಷ್ಟವಾದರೆ, ಬೆಳೆ ಹೊಲದಲ್ಲಿಯೇ ಹರಡಿರುವುದು ಚಿತ್ರದಲ್ಲಿ ಕಾಣಬೇಕು. ಕಣಕ್ಕೆ ಸಾಗಿಸಿ ರಾಶಿ ಹಾಕಿದ ಮೇಲೆ ತೊಯ್ದರೆ ಈ ರಕ್ಷಣೆ ಅನ್ವಯಿಸದು.

ನೀವು ತೆಗೆಯದ ಇನ್ನೊಂದು ಚಿತ್ರವಿದೆ, ನನ್ನ ಅಭಿಪ್ರಾಯದಲ್ಲಿ ಅದೇ ಎಲ್ಲಕ್ಕಿಂತ ಮುಖ್ಯವಾದದ್ದು. ರಾಜ್ಯದ ಬೆಳೆ ಸಮೀಕ್ಷೆಯಲ್ಲಿ ಪ್ರತಿ ಹಿಸ್ಸಾದ ಬೆಳೆಯನ್ನು ಚಿತ್ರ ಸಹಿತ ದಾಖಲಿಸುತ್ತಾರೆ. ನೀವೇ ರೈತರ ಆ್ಯಪ್ ಮೂಲಕ ದಾಖಲಿಸಬಹುದು. ಇಲ್ಲದಿದ್ದರೆ ನಿಯೋಜಿತ ಖಾಸಗಿ ನಿವಾಸಿ ಯುವಕರು ಬಂದು ದಾಖಲಿಸುತ್ತಾರೆ. ವಿಮೆಗೆ ನೋಂದಾಯಿಸಿದ ಬೆಳೆಯನ್ನು ಈ ದಾಖಲೆಯೊಡನೆ ತಾಳೆ ನೋಡಲಾಗುತ್ತದೆ. ತಾಳೆಯಾಗದಿದ್ದರೆ ಪ್ರಸ್ತಾವನೆ ತಿರಸ್ಕೃತವಾಗಬಹುದು. ಅಂತರ ಬೆಳೆಯ ಹೊಲಗಳಲ್ಲಿ ಅಪಾಯ ಹೆಚ್ಚು. ತೊಗರಿ ಮೊದಲ ಎರಡು ತಿಂಗಳು ನಿಧಾನವಾಗಿ ಬೆಳೆಯುತ್ತದೆ. ಬಿತ್ತಿದ ನಲವತ್ತು ದಿನಗಳ ಹೊತ್ತಿಗೆ ಹೆಸರು ಅಥವಾ ಉದ್ದು ಸಾಲು ಮುಚ್ಚಿ ನಿಂತಿರುತ್ತದೆ. ದಾರಿಯಲ್ಲಿ ನಿಂತು ತೆಗೆದ ಚಿತ್ರದಲ್ಲಿ ತೊಗರಿ ಕಾಣುವುದೇ ಇಲ್ಲ. ನಾನು ಮೇಲೆ ಹೇಳಿದ ರೈತರಿಗೆ ಆದದ್ದು ಇದೇ ಇರಬೇಕು. ಸಮೀಕ್ಷೆಯವರು ಬಂದ ದಿನ ನೀವು ಜೊತೆಗಿದ್ದು ಎರಡೂ ಬೆಳೆಗಳನ್ನು, ಸಾಲುಗಳ ಪ್ರಮಾಣವನ್ನು ದಾಖಲಿಸಲು ಹೇಳಿ. ಬಳಿಕ ಬೆಳೆ ದರ್ಶಕ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರ್ ತೆರೆದು ಏನು ದಾಖಲಾಗಿದೆ ನೋಡಿ; ತಪ್ಪಿದ್ದರೆ ಅವಧಿಯೊಳಗೆ ಅಲ್ಲಿಯೇ ಆಕ್ಷೇಪಣೆ ಸಲ್ಲಿಸಿ. ಇದಕ್ಕೆ ಹತ್ತು ನಿಮಿಷ ಸಾಕು. ಬೆಳೆ ಹೋದ ಮೇಲೆ ಇದೇ ಕೆಲಸಕ್ಕೆ ಹತ್ತು ಸಲ ತಾಲ್ಲೂಕು ಕೇಂದ್ರಕ್ಕೆ ಓಡಾಡಿದರೂ ಸಾಲುವುದಿಲ್ಲ.

ಕಾಡುಪ್ರಾಣಿಗಳ ವಿಷಯಕ್ಕೆ ಬಂದರೆ, ಯಾವ ಪ್ರಾಣಿಗಳು, ಯಾವ ಜಿಲ್ಲೆ ಅಥವಾ ಘಟಕಗಳು ಎಂಬುದನ್ನು ರಾಜ್ಯ ಸರ್ಕಾರಗಳು ಅಧಿಸೂಚಿಸಬೇಕಾಗಿದೆ. ಕೊಡಗು, ಹಾಸನ, ಚಿಕ್ಕಮಗಳೂರು, ಚಾಮರಾಜನಗರದ ರೈತರು ವಿಮಾ ಕಂತು ಕಟ್ಟುವ ಮೊದಲು ನಿಮ್ಮ ಘಟಕ ಹಾಗೂ ಬೆಳೆ ಪಟ್ಟಿಯಲ್ಲಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಅರಣ್ಯ ಇಲಾಖೆಯ ಪರಿಹಾರ ಬೇರೆಯದೇ ವ್ಯವಸ್ಥೆ. ಅದರ ಅರ್ಜಿಯನ್ನು ವಿಮೆಯ ಅರ್ಜಿಯೆಂದು ಭಾವಿಸಬೇಡಿ. ಮತ್ತೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಸಾಕ್ಷಿ ಬೇಕೆಂದು ರಾತ್ರಿ ಗದ್ದೆಗಿಳಿದು ಆನೆಯ ಚಿತ್ರ ತೆಗೆಯಲು ಯಾರೂ ಹೋಗಬಾರದು. ಬೆಳಕು ಹರಿದ ಮೇಲೆ ಸುತ್ತಮುತ್ತ ಆನೆಯಿಲ್ಲವೆಂದು ಖಚಿತಪಡಿಸಿಕೊಂಡು ತುಳಿದ ಸಾಲು, ಹೆಜ್ಜೆ ಗುರುತು, ಲದ್ದಿ, ಮುರಿದ ಬೇಲಿ ಇವುಗಳನ್ನು ತೆಗೆದರೆ ಸಾಕು. ಹೆಜ್ಜೆಯ ಪಕ್ಕದಲ್ಲಿ ಕುಡುಗೋಲನ್ನೋ ನೀರಿನ ಬಾಟಲಿಯನ್ನೋ ಇಟ್ಟರೆ ಅಳತೆ ತಿಳಿಯುತ್ತದೆ. ಹಂದಿ ಕೆದಕಿದ ನೆಲ ಒಂದು ಮಳೆಗೆ ಅಳಿಸಿಹೋಗುವುದರಿಂದ ಅಂದೇ ತೆಗೆಯಿರಿ.

ಚಿತ್ರವನ್ನೇ ನಂಬಿ ವಿಮೆ ನಡೆಸಬಹುದೇ ಎಂಬ ಪ್ರಯತ್ನ ಹೊಸದಲ್ಲ. ಅಂತಾರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆಯು ಹರಿಯಾಣ ಮತ್ತು ಪಂಜಾಬಿನ ಗೋಧಿ ಬೆಳೆಗಾರರಲ್ಲಿ ಇದನ್ನು ಪ್ರಯೋಗಿಸಿದೆ. ರೈತರು ಹಂಗಾಮಿನುದ್ದಕ್ಕೂ ಒಂದೇ ಸ್ಥಳದಲ್ಲಿ ನಿಂತು, ಒಂದೇ ಚೌಕಟ್ಟಿನಲ್ಲಿ ಮತ್ತೆ ಮತ್ತೆ ಚಿತ್ರ ತೆಗೆದರು; ತಜ್ಞರು ಅವನ್ನು ನೋಡಿ ನಷ್ಟ ಗುರುತಿಸಿದರು. ತೀವ್ರ ಹಾನಿಯಾದ ಹೊಲಗಳಲ್ಲಿ ಹತ್ತಕ್ಕೆ ಸುಮಾರು ಏಳರಲ್ಲಿ ಹಾನಿ ಚಿತ್ರದಿಂದಲೇ ತಿಳಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಉಳಿದ ಮೂರು ಹೊಲಗಳ ಒಡೆಯರ ಸ್ಥಾನದಲ್ಲಿ ನಿಂತು ಯೋಚಿಸಿ. ಕೇಂದ್ರ ಸರ್ಕಾರ 2025ರಲ್ಲಿ ಆರಂಭಿಸಿದ ಕ್ರಾಪಿಕ್ ಎಂಬ ಕಾರ್ಯಕ್ರಮವೂ ಬೆಳೆಯ ಅವಧಿಯಲ್ಲಿ ನಾಲ್ಕೈದು ಬಾರಿ ಹೊಲದ ಚಿತ್ರಗಳನ್ನು ಸಂಗ್ರಹಿಸಿ ಕಂಪ್ಯೂಟರಿನಿಂದ ವಿಶ್ಲೇಷಿಸುವ ಉದ್ದೇಶದ್ದು. ದಿಕ್ಕು ಸರಿಯೆಂದೇ ನನ್ನ ಎಣಿಕೆ, ಏಕೆಂದರೆ ಅದು ನಷ್ಟದ ದಿನದ ಒಂದು ಚಿತ್ರವನ್ನಲ್ಲದೆ ಬೆಳೆಯ ಇಡೀ ಬದುಕನ್ನು ನೋಡುತ್ತದೆ. ಕೃತಕ ಬುದ್ಧಿಮತ್ತೆಯಿಂದ ಯಾವ ಹೊಲವನ್ನಾದರೂ ಮುಳುಗಿಸಿ ತೋರಿಸಬಹುದಾದ ಈ ಕಾಲದಲ್ಲಿ ಬಿಡಿ ಚಿತ್ರದ ಬೆಲೆ ಇನ್ನೂ ಇಳಿಯುತ್ತದೆ. ಬಿತ್ತನೆಯಿಂದ ಸರಣಿಯಾಗಿ ಬಂದ ಚಿತ್ರಗಳನ್ನು ಸೃಷ್ಟಿಸುವುದು ಅಷ್ಟು ಸುಲಭವಲ್ಲ. ಹಾಗೆ ಸುಳ್ಳು ಚಿತ್ರ ಕಳಿಸಿದವನೊಬ್ಬನಿಂದ ಆ ಊರಿನ ಎಲ್ಲರ ಚಿತ್ರಗಳೂ ಅನುಮಾನಕ್ಕೆ ಒಳಗಾಗುತ್ತವೆ ಎಂಬುದನ್ನು ಯುವ ರೈತರು ಮರೆಯಬಾರದು.

ನನ್ನ ಆಕ್ಷೇಪ ಇರುವುದು ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದರ ಬಗ್ಗೆ. ಕೀಪ್ಯಾಡ್ ಫೋನಿನ ಹಿರಿಯರಿದ್ದಾರೆ. ಗಂಡನ ಫೋನು ಬೆಂಗಳೂರಿನಲ್ಲಿ, ಹೊಲ ಹೆಂಡತಿಯ ಕೈಯಲ್ಲಿ ಎಂಬ ಮನೆಗಳಿವೆ. ಲಾವಣಿಗೆ ಹೊಲ ಮಾಡುವವರಿದ್ದಾರೆ. ಕಾಡಂಚಿನ ಹಳ್ಳಿಗಳಲ್ಲಿ ಮಳೆ ಬಂದರೆ ಮೂರು ದಿನ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಕಾಡುಪ್ರಾಣಿಯ ರಕ್ಷಣೆ ಬೇಕಾಗಿರುವುದೂ ಅಲ್ಲಿಯೇ. ಚಿತ್ರವಿದ್ದರೆ ಪರಿಶೀಲನೆ ಬೇಗ ಆಗಲಿ. ಚಿತ್ರವಿಲ್ಲವೆಂಬ ಒಂದೇ ಕಾರಣಕ್ಕೆ ಪರಿಶೀಲನೆಯೇ ನಡೆಯದಿರುವುದು ಸರಿಯಲ್ಲ. ರಾಜ್ಯದ ಅಧಿಸೂಚನೆ ರೂಪಿಸುವವರು ಇದನ್ನು ಗಮನಿಸಬೇಕೆಂಬುದು ನನ್ನ ಕೋರಿಕೆ.

ಅಲ್ಲಿಯವರೆಗೆ ವಿಸ್ತರಣಾ ಕಾರ್ಯಕರ್ತರು ಒಂದು ಕೆಲಸ ಮಾಡಬಹುದು. ನಿಮ್ಮ ವ್ಯಾಪ್ತಿಯ ಹಳ್ಳಿಗಳಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ವಿಮಾದಾರರ ಹೆಸರುಗಳನ್ನು ಬಿತ್ತನೆಯ ಕಾಲದಲ್ಲೇ ಬರೆದುಕೊಳ್ಳಿ. ಬೆಳೆ ಮೊಣಕಾಲೆತ್ತರಕ್ಕೆ ಬಂದಾಗ ಒಮ್ಮೆ, ಹೂಬಿಟ್ಟಾಗ ಒಮ್ಮೆ ಅವರ ಹೊಲದ ಚಿತ್ರವನ್ನು ನಿಮ್ಮ ಫೋನಿನಲ್ಲಿ ತೆಗೆದಿಡಿ. ಫೋನಿರುವ ರೈತರು ಇದನ್ನು ತಾವೇ ಮಾಡಿಕೊಳ್ಳಲಿ. ಸೀಗೆ ಹುಣ್ಣಿಮೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಮನೆಯವರ ಚಿತ್ರದ ಹಿಂದೆ ಬೆಳೆಯ ಸಾಲುಗಳೂ ಬರಲಿ. ನಷ್ಟವಾದ ದಿನ ಆ್ಯಪ್ ಕೆಲಸ ಮಾಡದಿದ್ದರೆ 14447ಕ್ಕೆ ಕರೆ ಮಾಡಿ, ಅಥವಾ ಕೃಷಿ ಇಲಾಖೆ, ಬ್ಯಾಂಕ್, ವಿಮಾ ಸಂಸ್ಥೆ ಇವುಗಳಲ್ಲಿ ಒಂದಕ್ಕೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಕರೆ ಮಾಡುವಾಗ ಸರ್ವೆ ನಂಬರ್, ಬೆಳೆ, ಹಾನಿಯಾದ ವಿಸ್ತೀರ್ಣ, ವಿಮಾ ಅರ್ಜಿ ಸಂಖ್ಯೆ ಕೈಯಲ್ಲಿರಲಿ. ಅವರು ಕೊಡುವ ದೂರು ಸಂಖ್ಯೆಯನ್ನು, ಕರೆ ಮಾಡಿದ ದಿನ ಮತ್ತು ಗಂಟೆಯೊಡನೆ, ವಿಮಾ ರಸೀದಿಯ ಹಿಂಬದಿಯಲ್ಲಿ ಪೆನ್ನಿನಿಂದ ಬರೆದಿಡಿ.